ಹೆಸರು ಒಬ್ಬರದು, ಮಂಡಿ ಒಬ್ಬರದು

ಮಿರ್ಲೆಯಲ್ಲಿ ಬಸ್ಸಿಳಿಯುವ ಹೊತ್ತಿಗೇ ಉಮಾಶಂಕರ ಸುಸ್ತಾಗಿದ್ದ. ಮಂಡಿನೋವಿನ ಹೊಸ ಮಾತ್ರೆಯ ಸಂಶೋಧನೆಗೆ ಮನೆಮನೆ ಸುತ್ತಿ ವಿವರ ಬರೆಯುವ ಗುತ್ತಿಗೆ ಕೆಲಸ ಅವನದು. ಮೈಸೂರಿನ ಡಾಕ್ಟರು ಬೆಳಗ್ಗೆಯೇ ಫೋನಿನಲ್ಲಿ ಗುಡುಗಿದ್ದರು.

"ಮಾತ್ರೆ ಗಂಡಸರಿಗೆ ಹೇಗೆ ಹಿಡಿಸ್ತು, ಹೆಂಗಸರಿಗೆ ಹೇಗೆ ಹಿಡಿಸ್ತು, ಬೇರೆ ಬೇರೆ ಬೇಕು ಕಣ್ರೀ. ಸಂಜೆ ಐದಕ್ಕೆ ಬರದಿದ್ರೆ ನಿಮ್ಮ ಕೆಲಸ ಈ ತಿಂಗಳಿಗೇ ಮುಗೀತು."

ಪುಸ್ತಕ ಬಿಚ್ಚಿದರೆ ಮಾತ್ರೆ ಪಡೆದ ಇಪ್ಪತ್ತೆರಡು ಹೆಸರೂ ಗಂಡಸರದೇ. ಮಾತ್ರೆ ಹಂಚಿದ ದಿನ ಬಿಸಿಲಿಗೆ ಹೆದರಿ ಅರಳಿಕಟ್ಟೆಯಲ್ಲೇ ಕೂತು ಸಹಿ ಹಾಕಿಸಿಕೊಂಡಿದ್ದ.

ಮೊದಲ ಮನೆಯ ಜಗಲಿಯಲ್ಲಿ ಚೆಲುವಯ್ಯ ಆಕಳಿಸುತ್ತಾ ಕೂತಿದ್ದರು.

"ಯಜಮಾನ್ರೇ, ಮಂಡಿ ಹೆಂಗೈತೆ?"

"ನನ್ ಮಂಡಿಗೇನಾಗೈತೆ? ನೋವು ನಮ್ ಬಸವಮ್ಮಂಗೆ ಕಣಪ್ಪ."

"ಮತ್ತೆ ನಿಮ್ಮೆಸರು ಬರ್ಸಿದ್ದೀರಲ್ಲ?"

"ಮನೆಗೆ ಏನ್ ಬಂದ್ರೂ ಯಜಮಾನನ ಎಸ್ರಲ್ಲಿ ತಾನೆ ಬರ್ಸೋದು? ಎಸ್ರು ನಂದು, ಮಂಡಿ ಅವಳ್ದು."

ಮನೆಮನೆಯಲ್ಲೂ ಇದೇ ಕತೆ. ಅರ್ಧ ಊರು ಬಲವಂತವಾಗಿ ಕಾಫಿ ಕುಡಿಸಿತು, ಮಿಕ್ಕರ್ಧ ಮದುವೆ ಯಾವಾಗ ಎಂದು ಕೇಳಿತು. ಅವನು ಗಂಡನ ಹೆಸರು ಹೊಡೆದು ಹೆಂಡತಿಯ ಹೆಸರು ಬರೆಯುತ್ತಾ ಕಾಲೆಳೆದುಕೊಂಡು ನಡೆದ. ಹೆಂಗಸರೆಲ್ಲ ನೋವು ವಾಸಿ ಎಂದರು. ಐದಕ್ಕೆ ಸರಿಯಾಗಿ ಪುಟಗಳ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದ.

ಫೋನು ಬಂತು. "ಇದೇನ್ರೀ, ಬರೀ ಹೆಂಗಸರೇ! ಯಾರ ಜೊತೆ ಹೋಲಿಸ್ಲಿ? ಮಾತ್ರೆ ನುಂಗಿದ ಗಂಡಸರನ್ನ ಇವತ್ತೇ ಹುಡುಕಿ. ಇಲ್ಲಾ, ಬೇರೆ ಕೆಲಸ ಹುಡುಕಿ."

ಉಮಾಶಂಕರ ಚೆಲುವಯ್ಯನ ಜಗಲಿಯ ಮೇಲೆ ಕುಸಿದ. ಪಕ್ಕದಲ್ಲೇ ಅವರು ಗೊರಕೆ ಹೊಡೆಯುತ್ತಿದ್ದರು. ನೀರು ತಂದ ಬಸವಮ್ಮನ ಮುಂದೆ ಅವನು ಗೋಳು ತೋಡಿಕೊಂಡ.

"ಅಯ್ಯೋ ಮಗ, ನುಂಗಿರೋ ಗಂಡಸು ಇಲ್ಲೇ ಬಿದ್ದವ್ರಲ್ಲ! ಒಂದ್ ಮಾತ್ರೆ ನಾನು ನುಂಗ್ದೆ, ಅಗಲೆಲ್ಲಾ ತೂಕಡಿಕೆ. ನಾಟಿ ಟೈಮಲ್ಲಿ ನಾನ್ ಮಲಗಿದ್ರೆ ಆದಾತಾ? ಶಕ್ತಿ ಮಾತ್ರೆ ಕಣ್ರೀ ಅಂದೆ, ದಿನಾ ಇವ್ರೇ ಆಸೆಪಟ್ಟು ನುಂಗುದ್ರು."

"ಮತ್ತೆ ನಿಮ್ ನೋವು ವಾಸಿ ಅಂದ್ರಿ?"

"ಇವ್ರು ಮಲಗಿದ್ರೆ ಕಾಫಿ ತಾ, ನೀರ್ ತಾ ಅಂತ ಓಡಾಡ್ಸೋರು ಯಾರವ್ರೆ? ಮಂಡಿಗೆ ರೆಸ್ಟು ಸಿಕ್ತು. ನಮ್ ಎಂಗಸ್ರ ಸಂಗದಲ್ಲಿ ಏಳ್ದೆ, ಎಲ್ರೂ ಅಂಗೇ ಮಾಡುದ್ರು."

ಉಮಾಶಂಕರನಿಗೆ ಹೋದ ಜೀವ ಬಂತು. ಇಪ್ಪತ್ತೆರಡು ಗಂಡಸರು! ಹೆಂಗಸರ ಹೆಸರು ಹೊಡೆದು, ಬೆಳಗ್ಗೆಯಿಂದ ಹೊಡೆದಿದ್ದ ಗಂಡಸರನ್ನು ಒಬ್ಬೊಬ್ಬರಾಗಿ ವಾಪಸು ಬರೆದ. ಕೊನೆಯ ಹೆಸರಿಗೆ ಪೆನ್ನು ನಿಂತಿತು. ಈಗ ಪುಸ್ತಕದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಡಾಕ್ಟರ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಚೆಲುವಯ್ಯ ಸುಖವಾಗಿ ಮಗ್ಗುಲು ಬದಲಿಸಿದರು.

"ಅವ್ವಾ," ಎಂದ ಉಮಾಶಂಕರ, "ಆ ಮಾತ್ರೆ ಒಂದು ಮಿಕ್ಕಿದ್ರೆ ನಂಗೂ ಕೊಡಿ."