ನೀಲಗಿರಿಯಲ್ಲ, ಬೇವಿನ ಬುಡದ ಡಬ್ಬಿ

ನಮ್ಮ ದೊಡ್ಡವ್ವನಿಗೆ ಫೋನ್ ಮಾಡಿ "ಎಲ್ಲಿದ್ದೀ?" ಎಂದು ಕೇಳುವ ಧೈರ್ಯ ನಿಮಗಿದೆಯೇ? ನನಗಿಲ್ಲ! ಮನೆಯಲ್ಲಿ, ಸಂತೆಯಲ್ಲಿ ಎಂದು ಉಳಿದವರು ಹೇಳುವಂತೆ ಆಕೆ ಹೇಳುವುದಿಲ್ಲ. "ಹದಿನೇಳು ಡಿಗ್ರಿ ಎಂಟು ಮಿನಿಟು ಉತ್ತರ..." ಎಂದು ಶುರುಮಾಡುತ್ತಾಳೆ. ಪೂರ್ವಕ್ಕೆ ಬರುವಷ್ಟರಲ್ಲಿ ನನ್ನ ಚಹಾ ಆರಿರುತ್ತದೆ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಶಹಾಬಾದದ ಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಅಕ್ಷಾಂಶ ರೇಖಾಂಶಗಳನ್ನು ಬೋರ್ಡಿನ ಮೇಲೆ ಜೀವನವಿಡೀ ಎಳೆದಳು, ನೆಲದ ಮೇಲೆ ಒಂದನ್ನೂ ಕಾಣಲಿಲ್ಲ. ಆಮೇಲೆ ಕೈಗೆ ಹೊಸ ಫೋನ್ ಬಂತು. ಒಂದು ಸಂಜೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದಳು, ಫೋನಿನೊಳಗಿನ ಕೊನೆಯ ಅಂಕಿ ಬದಲಾಯಿತು. ಹಿಂದಕ್ಕೆ ಬಂದಳು, ಅಂಕಿಯೂ ಹಿಂದಕ್ಕೆ ಬಂತು.

"ಏ ತಮ್ಮಾ, ನಾ ನಡದದ್ದು ಭೂಮಿಗಿ ಗೊತ್ತಾಗ್ಲಿಕತ್ತದ!"

ಅಂದಿನಿಂದ ಆಕೆ ಫೋನನ್ನು ಆರತಿ ತಟ್ಟೆಯಂತೆ ಮುಂದೆ ಹಿಡಿದೇ ನಡೆಯುವುದು.

ಇಂಥವಳಿಗೆ ಜಿಯೋಕ್ಯಾಶಿಂಗ್ ಎಂಬ ಆಟ ಸಿಕ್ಕರೆ ಕೇಳಬೇಕೇ? ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಂಕಿಗಳನ್ನು ಅಂತರ್ಜಾಲದಲ್ಲಿ ಹಾಕುತ್ತಾರೆ. ಗುರುತಿಲ್ಲದವರು ಹುಡುಕಿಕೊಂಡು ಹೋಗಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಗೆದ್ದವರಿಗೆ ಏನು ಸಿಗುತ್ತದೆ ಎಂದು ಕೇಳಿದೆ. "ಡಬ್ಬಿ ಸಿಗ್ತದ," ಎಂದಳು.

ಮೊದಲ ಬೇಟೆಗೆ ಚಿಂಚೋಳಿಯ ಕಾಡಿಗೆ ಹೋದೆವು. ಫೋನ್ "ನಾಲ್ಕು ಮೀಟರ್" ಎಂದಿತು. ಆ ನಾಲ್ಕು ಮೀಟರಿನೊಳಗೆ ನಾವು ಒಂದು ತಾಸು ಇದ್ದೆವು. ಬಿಸಿಲು ಎಲೆಗಳಿಂದ ಸೋರಿ ದೊಡ್ಡವ್ವನ ಬೆನ್ನಿನ ಮೇಲೆ ಮೆಲ್ಲಗೆ ಜಾಗ ಬದಲಿಸುತ್ತಿತ್ತು. ಕುರಿ ಕಾಯುವವನೊಬ್ಬ ಬಂದು ನಿಂತ.

"ಏನ್ ಕಳಕೊಂಡೀರಿ ಯವ್ವಾ?"

"ನಂದೇನೂ ಕಳದಿಲ್ಲಪ್ಪ."

"ಮತ್ತ ಏನ್ ಹುಡಕಲಿಕತ್ತೀರಿ?"

"ಬ್ಯಾರೇದವ್ರು ಬಚ್ಚಿಟ್ಟದ್ದು."

ಅವನು ತನ್ನ ಕುರಿಗಳನ್ನು ಎರಡೆರಡು ಸಲ ಎಣಿಸಿ, ಬೇಗ ಬೇಗ ಹೊಡೆದುಕೊಂಡು ಹೋದ!

ನಂತರ ದೊಡ್ಡವ್ವ ತನ್ನದೇ ಒಂದು ಡಬ್ಬಿ ಇಟ್ಟಳು. ಊರಾಚೆ ಹಳೆಯ ಚರ್ಚಿನ ಸ್ಮಶಾನವಿದೆ. ಅದರ ಹಿಂದಿನ ಗೋಡೆಯ ಪಕ್ಕ, ಜಾಲಿ ಗಿಡಗಳ ನಡುವೆ ಕಾಲುದಾರಿಯೊಂದು ನೀರು ತುಂಬಿದ ಹಳೆಯ ಕಲ್ಲುಗಣಿಯತ್ತ ಹೋಗುತ್ತದೆ. ಇಳಿಬಿಸಿಲಿನಲ್ಲಿ ಅಲ್ಲಿ ನಡೆದರೆ ನಿದ್ದೆಯೊಳಗೆ ನಡೆದಂತೆ. "ಗಿಡದ ಹೆಸರು ಸರಿಯಾಗಿ ಬರಿ, ನೀಲಗಿರಿ ಅಲ್ಲ, ಬೇವು," ಎಂದು ನನ್ನ ತಪ್ಪು ತಿದ್ದಿ, ನನ್ನಿಂದ ಅಂತರ್ಜಾಲಕ್ಕೆ ಸೂಚನೆ ಬರೆಸಿ, ಬೇವಿನ ಬುಡದ ಪೊಟರೆಯಲ್ಲಿ ಡಬ್ಬಿ ಇಟ್ಟಳು. ಪ್ರತಿ ಭಾನುವಾರ ಹೋಗಿ ತೆರೆದು ನೋಡುತ್ತಿದ್ದೆವು. ತಿಂಗಳುಗಳು ಕಳೆದವು. ಪುಸ್ತಕ ಖಾಲಿ.

"ಒಂದ್ ಹೆಸರು ಸಾಕು ತಮ್ಮಾ. ನಾ ಇಟ್ಟ ಅಂಕಿ ಹಿಡದು ಒಬ್ರರ ಬರಬೇಕು. ಇಲ್ಲಾಂದ್ರ ಇಷ್ಟ್ ವರ್ಷ ನಾ ಕಲಿಸಿದ್ದು ಬರೇ ಬೋರ್ಡಿನ ಮ್ಯಾಲಿಂದೇ ಆಯ್ತು."

ಬಂದವರಿಗೆ ಏನೂ ಇಟ್ಟಿಲ್ಲವಲ್ಲ, ಅದಕ್ಕೇ ಬರುತ್ತಿಲ್ಲ ಎಂದು ಆಕೆಗೆ ಅನಿಸಿತು. ದೂರದಿಂದ ಬಂದವರನ್ನು ಖಾಲಿ ಕೈಯಲ್ಲಿ ಕಳಿಸುವುದೇ? ಡಬ್ಬಿಗೇ ಉಡಿ ತುಂಬಿಬಿಟ್ಟಳು! ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು, ಅಡಿಕೆ, ಕುಂಕುಮದ ಪೊಟ್ಟಣ, ಕೆಂಪು ಕುಬಸದ ಬಟ್ಟೆ. ಇಟ್ಟದ್ದು ಸ್ಮಶಾನದ ಹಿಂದೆ, ಬೇವಿನ ಬುಡದಲ್ಲಿ. ಹಾಗೆ ಇಡಬಾರದೆಂದು ನನಗೂ ಹೊಳೆಯಲಿಲ್ಲ.

ಮುಂದಿನ ಭಾನುವಾರ ಡಬ್ಬಿಯ ಸುತ್ತ ಎಂಟು ಜನ ನಿಂತಿದ್ದರು. ಎಂಟೇ, ಎಣಿಸಿದ್ದೇನೆ. ಮುಚ್ಚಳ ತೆರೆದಿತ್ತು, ಯಾರೂ ಮುಟ್ಟುತ್ತಿರಲಿಲ್ಲ. "ಮಾಟ ಮಾಡ್ಯಾರ," ಎಂದ ಒಬ್ಬ. ಇನ್ನೊಬ್ಬನ ಬಲಗೈಯಲ್ಲಿ ಸೀಮೆಎಣ್ಣೆಯ ಬಾಟಲಿ ಇತ್ತು. ಮಾಟ ಮಾಡಿದವಳೆಂದು ಜನ ಒಬ್ಬ ಹೆಂಗಸನ್ನು ಏನು ಮಾಡಬಲ್ಲರೆಂದು ನಾನು ಕೇಳಿದ್ದೆ. ದೊಡ್ಡವ್ವನ ಕೈ ಹಿಡಿದು ಹಿಂದಕ್ಕೆ ಎಳೆದೆ. ಆಕೆ ಕೊಡವಿಕೊಂಡು ಮುಂದೆ ಹೋದಳು.

"ಡಬ್ಬಿ ನಂದು."

"ನಿಮ್ದಾ? ಸ್ಮಶಾನದಾಗ ಕುಂಕುಮ ಇಡತೀರೇನು?"

"ಸ್ಮಶಾನದಾಗ ಯಾಕಿಡ್ಲಿ? ಗೋಡಿಯಿಂದ ಆರು ಮೀಟರ್ ಹೊರಗದ. ಅಳೀರಿ!"

ಯಾರೂ ಅಳೆಯಲಿಲ್ಲ. ಬಾಟಲಿಯ ಬಿರಡೆ ತೆರೆಯಿತು. ಅಷ್ಟರಲ್ಲಿ ಸ್ಮಶಾನ ಕಾಯುವ ಅಜ್ಜ ಗೋಡೆಯ ಸಂದಿನಿಂದ ಹೊರಬಂದ.

"ಏ, ತಡೀರೋ! ಇವ್ರು ಭೂಗೋಳದ ಟೀಚರ್ರು. ಇಟಲಿ ತೋರ್ಸಲಿಲ್ಲಂತ ನನ್ನ ಮಗಗ ಛಡೀಲೆ ಹೊಡದಾರ. ಮಾಟ ಬರತಿದ್ರ ಛಡಿ ಯಾಕ ಬೇಕಾಗಿತ್ತು?"

ಮೊದಲು ಬಾಟಲಿಯವನೇ ನಕ್ಕ. ಹೊಡೆತ ತಿಂದವರು ಆ ಗುಂಪಿನಲ್ಲೂ ಇದ್ದರೆಂದು ಕಾಣುತ್ತದೆ. ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು.

ಅಜ್ಜ ಪುಸ್ತಕವನ್ನು ತೆಗೆದು ತಿರುವಿದ. "ಇದು ಖಾಲಿ ಅದಲ್ರಿ?"

"ಇಲ್ಲಿಗಿ ಬಂದವ್ರು ಹೆಸರು ಬರೀಬೇಕು. ಯಾರೂ ಬಂದಿಲ್ಲ."

ಅವನು ಪುಸ್ತಕ ಹಿಡಿದು ಸ್ಮಶಾನದ ಗೋಡೆಯತ್ತ ತಿರುಗಿದ. "ನಮ್ಮಾಕಿ ಇಲ್ಲೇ ಒಳಗ ಅದಾಳ್ರಿ. ಎರಡು ವರ್ಷಾತು. ಕಲ್ಲು ನಿಲ್ಸೋದು ಆಗಿಲ್ಲ. ಮಳಿ ಬಿದ್ದು ಹುಲ್ಲು ಎದ್ರ ನನಗೂ ಜಾಗ ಗುರ್ತು ಹತ್ತಂಗಿಲ್ಲ. ಆಕಿ ಹೆಸರು ನಡೀತದೇನ್ರಿ?"

ಇಡೀ ದೇಶದ ಅಂಗಳಗಳಿಗೆ ಶಹಾಬಾದಿ ಕಲ್ಲು ಕಳಿಸಿದ ಊರು ನಮ್ಮದು.

ದೊಡ್ಡವ್ವ ಪೆನ್ನು ಕೊಟ್ಟಳು. ಅವನು ಬರೆದ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಆ ಪುಸ್ತಕದ್ದು. ನಂತರ ಮೂವರೂ ಒಳಗೆ ಹೋದೆವು. ಅಜ್ಜ ಹುಲ್ಲು ಸರಿಸಿ ಜಾಗ ತೋರಿಸಿದ. ದೊಡ್ಡವ್ವ ಬಗ್ಗಿ, ಫೋನನ್ನು ಮಣ್ಣಿನ ಮೇಲೆ ಇಟ್ಟಳು.

"ಅಲುಗಬ್ಯಾಡ್ರಿ. ಅಂಕಿ ನಿಲ್ಲಲಿ."

ನಿಂತೆವು. ಕೊನೆಯ ಅಂಕಿ ಆರು ಎಂದಿತು, ಏಳು ಎಂದಿತು, ಮತ್ತೆ ಆರಕ್ಕೆ ಬಂದು ನಿಂತಿತು. ಆಕೆ ಒಂದೊಂದನ್ನೇ ಓದಿ ಹೆಸರಿನ ಮುಂದೆ ಬರೆದಳು. ಅಜ್ಜ ಆಕೆ ಹೇಳಿದಂತೆಯೇ ಒಂದೊಂದನ್ನೂ ಹೇಳಿದ. ಮುಗಿದ ಮೇಲೆ ಕಣ್ಣು ಮುಚ್ಚಿ, ಮತ್ತೆ ಮೊದಲಿನಿಂದ ಒಬ್ಬನೇ ಹೇಳಿದ. ಒಂದೂ ತಪ್ಪಲಿಲ್ಲ.