ಹನ್ನೆರಡು ಕ್ಲಿಪ್ಪು, ಎರಡು ಕಾರು

ಇಷ್ಟಕ್ಕೆಲ್ಲ ಮೂಲ, ಬೇಲಿಯ ಆಚೆಯಿಂದ ಬಂದ ಒಂದು ಬುದ್ಧಿಮಾತು.

ಪಕ್ಕದ ಮನೆಯ ಹಾರ್ಲನ್ ಕೇಳದವರಿಗೂ ಬುದ್ಧಿ ಹಂಚುವ ದಾನಶೂರ. ಶನಿವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಬೇಲಿಗೆ ಒರಗಿದವನು, "ಲೋ ವೆಂಡೆಲ್, ಇವತ್ತು ಕಾರು ನೋಡೋಕೆ ಹೋಗ್ತಿದೀಯಲ್ಲ, ಒಂದು ಗುಟ್ಟು ಹೇಳ್ತೀನಿ ಕೇಳು. ಎದುರಿಗಿರೋ ಕಾರನ್ನ ಅಪ್ಪಿತಪ್ಪಿಯೂ ಹೊಗಳಬೇಡ. ಇನ್ನೊಂದು ಕಾರನ್ನ ಹೊಗಳು. ಮಾರೋರ ಎದೆ ಅಳ್ಳಾಡುತ್ತೆ, ಬೆಲೆ ತಾನಾಗೇ ಇಳಿಯುತ್ತೆ" ಎಂದ.

"ಅಷ್ಟೇನಾ? ಅದು ನನಗೆ ಬಿಡು" ಎಂದ ವೆಂಡೆಲ್. ಹೊಗಳುವುದರಲ್ಲಿ ತನ್ನನ್ನು ಮೀರಿಸುವವರು ಓಹಾಯೋದಲ್ಲೇ ಇಲ್ಲ ಎಂಬ ನಂಬಿಕೆ ಅವನಿಗೆ.

ವೆಂಡೆಲ್ ಸ್ಟ್ರೂಪ್ ವಿಮಾ ಕಚೇರಿಯ ಗುಮಾಸ್ತ, ಐವತ್ತೇಳು ವಯಸ್ಸು. ಅದರ ಜೊತೆಗೆ ಎಲ್ಡನ್‌ವಿಲ್ ಊರಿಗೆಲ್ಲ ಶನಿವಾರವೂ ಸಿಗುವ ಒಬ್ಬನೇ ನೋಟರಿ. ನೋಟರಿಯ ಮೊಹರು ಬೀಳದೆ ಅಲ್ಲಿ ಒಂದು ಕಾರೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಹಾಗಿಲ್ಲ. ಊರಿನ ಅರ್ಧ ಕಾರುಗಳು ಅವನ ಅಡುಗೆಮನೆಯ ಮೇಜಿನ ಮೇಲೆಯೇ ಒಡೆಯರನ್ನು ಬದಲಿಸಿದ್ದವು. ಅವನ ಸ್ವಂತಕ್ಕೆ ಇದ್ದದ್ದು ಮಾತ್ರ ಬೂದು ಬಣ್ಣದ, ಕೆಮ್ಮಿದರೂ ಕೇಳಿಸದಂಥ ಸಾಧು ಕಾರು. ಊರವರಿಗೆಲ್ಲ ಮದುವೆ ಮಾಡಿಸಿ ತಾನು ಬ್ರಹ್ಮಚಾರಿಯಾಗಿ ಉಳಿದ ಪುರೋಹಿತನ ಕತೆ ಅದು.

ಅವನಿಗೆ ಬೇಕಾಗಿದ್ದು ಮಸಲ್ ಕಾರು. ಉದ್ದ ಮೂತಿ, ಎಂಟು ಸಿಲಿಂಡರು, ಬೀದಿ ತುದಿಯಲ್ಲಿ ಗುಡುಗಿದರೆ ಮನೆಯ ಕಪ್ಪು ಬಸಿಗಳು ನಡುಗಬೇಕು. ಶನಿವಾರ ತೊಳೆಯುವುದು, ಭಾನುವಾರ ಓಡಿಸುವುದು, ಸೋಮವಾರದಿಂದ ನೆನೆಯುವುದು. ಆದರೆ ಹಳೆಯದು ಕೊಳ್ಳುವುದೋ ಹೊಸದು ಕೊಳ್ಳುವುದೋ ಎಂದು ಎರಡು ವರ್ಷದಿಂದ ತಕ್ಕಡಿ ತೂಗುತ್ತಿತ್ತು. ಅಷ್ಟು ದಿನವೂ ಗ್ಯಾರೇಜಿನ ಅರ್ಧ ಭಾಗ ಬರುವ ಕಾರಿಗಾಗಿ ಗುಡಿಸಿ ಖಾಲಿ ಬಿಟ್ಟಿದ್ದ.

ಹೆಂಡತಿ ಲೊರೇಟಾಳ ತಾಳ್ಮೆ ಹೋದ ಬುಧವಾರ ಮುಗಿದಿತ್ತು. "ನೋಡು ವೆಂಡೆಲ್, ಚರ್ಚಿನ ಹಳೇ ಸಾಮಾನು ಮಾರಾಟಕ್ಕೆ ಅಂತ ಹೆಂಗಸರೆಲ್ಲ ಸಾಮಾನು ಕೂಡಿಸಿದಾರೆ. ಇಡೋಕೆ ಜಾಗ ಇಲ್ಲ. ಶನಿವಾರ ಸಂಜೆ ಆರು ಗಂಟೆವರೆಗೆ ಆ ಜಾಗ ನಿಂದು. ಅಷ್ಟರೊಳಗೆ ಕಾರು ಬಂತೋ, ನಾನು ಬಾಯಿ ಎತ್ತಲ್ಲ. ಬರಲಿಲ್ವೋ, ಆರೂ ಕಾಲಿಗೆ ಚರ್ಚಿನ ಟ್ರಕ್ಕು ಬರುತ್ತೆ."

"ಒಂದು ಸಲ ಬಂದ ಸಾಮಾನು ಹೋಗೋದು ಯಾವಾಗ?"

"ಕರ್ತನಿಗೆ ಗೊತ್ತು" ಎಂದಿದ್ದಳು ಲೊರೇಟಾ. ಆ ಚರ್ಚಿನ ಮಾರಾಟದಲ್ಲಿ ಮಾರಿದ್ದಕ್ಕಿಂತ ಉಳಿದದ್ದೇ ಯಾವಾಗಲೂ ಹೆಚ್ಚು. ಉಳಿದದ್ದು ಎಲ್ಲಿ ಇಳಿದಿರುತ್ತದೋ ಅಲ್ಲೇ ಬೇರು ಬಿಡುತ್ತಿತ್ತು.

ಮೊದಲು ವೆಂಡೆಲ್ ಹೋಗಿದ್ದು ಡೆಲ್ಬರ್ಟನ ಮನೆಗೆ. ಎಪ್ಪತ್ತೆಂಟರ ಮುದುಕ, ಕಾರ್ಖಾನೆಯಲ್ಲಿ ಲೇತ್ ಓಡಿಸಿ ನಿವೃತ್ತನಾದವನು. ಅವನ ಕಾರು ಅರವತ್ತೊಂಬತ್ತನೇ ಇಸವಿಯದು. ಕಾರುಗಳಿಗೆ ಹೆಸರಿದ್ದರೂ ಕಾರಿನ ಹುಚ್ಚಿನ ಜನ ಅವನ್ನು ಇಸವಿಯಿಂದಲೇ ಕರೆಯುತ್ತಾರೆ. ಹಾಗಾಗಿ ಅದು ಬರೀ 'ಅರವತ್ತೊಂಬತ್ತು'. ಟೊಮೇಟೊ ಕೆಂಪು ಬಣ್ಣ. ಡೆಲ್ಬರ್ಟ್ ಕೀಲಿ ತಿರುಗಿಸಿದ. ಎಂಜಿನ್ನು ಎದ್ದು, ಇಲ್ಲಿ ಮುಗ್ಗರಿಸಿತು, ಇನ್ನು ಬಿತ್ತು ಎನ್ನುವಷ್ಟರಲ್ಲಿ ಪ್ರಾಸ ಹಿಡಿದು ಎದ್ದು ನಿಲ್ಲುವ ಪದ್ಯದ ಹಾಗೆ ಬಡಿದುಕೊಳ್ಳತೊಡಗಿತು. ವೆಂಡೆಲ್‌ನ ಹೊಟ್ಟೆಯೊಳಗಿನ ತಿಂಡಿ ಅದಕ್ಕೆ ತಾಳ ಹಾಕಿತು.

ಇದೇ! ಎಂದಿತು ಅವನ ಜೀವ. ಬಾಯಿ ಮಾತ್ರ ಹಾರ್ಲನ್ ಹೇಳಿದಂತೆ ನಡೆಯಿತು. "ಹೂಂ, ಪರವಾಗಿಲ್ಲ. ಆದರೆ ಡೆಲ್ಬರ್ಟ್, ಮಧ್ಯಾಹ್ನ ರೋಂಡಾಳ ಹೊಸ ಕಾರು ನೋಡೋದಿದೆ. ಅದರ ಮಾತೇ ಬೇರೆಯಂತೆ."

ಓಡಿಸಿ ನೋಡಲೆಂದು ಇಬ್ಬರೂ ಅದೇ ಕಾರಿನಲ್ಲಿ ಹೊರಟರು. ಊರ ನಡುವಿನ ಐಸ್‌ಕ್ರೀಮ್ ಅಂಗಡಿಯ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂರುವ ನಾಲ್ಕು ಮುದುಕರಿದ್ದಾರೆ; ಬೀದಿಯಲ್ಲಿ ಹೋಗುವ ಕಾರುಗಳಿಗೆ ಅಂಕ ಹಾಕುವುದೇ ಅವರ ಉದ್ಯೋಗ. ಅವರೆದುರು ವೆಂಡೆಲ್ ಠೀವಿಯಿಂದ ನಿಲ್ಲಿಸಿ, ಎಂಜಿನ್ ಆರಿಸಿ, ಎರಡು ಐಸ್‌ಕ್ರೀಮ್ ತಂದ. ತಿಂದು ಮುಗಿಸಿ ಕೀಲಿ ತಿರುಗಿಸಿದರೆ ಕಾರು ಮುಕ್ಕರಿಯಿತು, ನರಳಿತು, ಸುಮ್ಮನಾಯಿತು.

"ಬಿಸಿಲಿಗೆ ಪೈಪಿನಲ್ಲಿ ಪೆಟ್ರೋಲು ಆವಿಯಾಗಿದೆ" ಎಂದ ಡೆಲ್ಬರ್ಟ್, ಮಳೆ ಬರುತ್ತಿದೆ ಎಂದಷ್ಟೇ ನಿರಾಳವಾಗಿ. "ಬಟ್ಟೆ ಕ್ಲಿಪ್ಪು ಬೇಕು."

"ಬಟ್ಟೆ ಕ್ಲಿಪ್ಪಾ?"

"ಮರದ್ದು. ಪೈಪಿಗೆ ಸಾಲಾಗಿ ಸಿಕ್ಕಿಸಿದರೆ ಮರ ಬಿಸಿ ಎಳಕೊಳ್ಳುತ್ತೆ. ನಮ್ಮಪ್ಪ ಹೀಗೇ ಮಾಡ್ತಿದ್ದ. ನನ್ನ ಹತ್ರ ನಾಲ್ಕೇ ಇವೆ, ಇನ್ನೊಂದು ಹನ್ನೆರಡು ತಗೊಂಡು ಬಾ ಮಗಾ."

ಕುರ್ಚಿಯ ಮುದುಕರಲ್ಲಿ ಇಬ್ಬರು ಹೌದೆಂದರು. ಒಬ್ಬ, "ಪ್ಲಾಸ್ಟಿಕ್ಕಿನದು ತರಬೇಡಪ್ಪಾ, ಕರಗುತ್ತೆ" ಎಂದು ಎಚ್ಚರಿಸಿದ. ನಾಲ್ಕನೆಯವನು, "ಕ್ಲಿಪ್ಪಿನಿಂದ ಏನೂ ಆಗಲ್ಲ. ಅದನ್ನ ತರೋಷ್ಟರಲ್ಲಿ ಕಾರು ತಣ್ಣಗಾಗಿರುತ್ತೆ, ಅಷ್ಟೇ" ಎಂದ. ಉಳಿದ ಮೂವರು ಅವನನ್ನು ಧರ್ಮಭ್ರಷ್ಟನಂತೆ ನೋಡಿದರು.

ವೆಂಡೆಲ್‌ನ ಮನೆ ಎರಡೇ ಬೀದಿ ಆಚೆ. ಓಡಿದ. ಹಿತ್ತಲಲ್ಲಿ ಲೊರೇಟಾ ಹಾಸಿಗೆಯ ದೊಡ್ಡ ಬಿಳಿ ಚಾದರಗಳನ್ನು ಒಣಗಲು ಹಾಕಿದ್ದಳು, ಮರದ ಕ್ಲಿಪ್ಪುಗಳನ್ನೇ ಸಿಕ್ಕಿಸಿ. ವೆಂಡೆಲ್ ಹನ್ನೆರಡನ್ನೂ ಕಿತ್ತು ಜೇಬಿಗೆ ತುಂಬಿಕೊಂಡ. ಬೆನ್ನ ಹಿಂದೆ ಚಾದರಗಳು ಒಂದೊಂದಾಗಿ ಹುಲ್ಲಿನ ಮೇಲೆ ಮೂರ್ಛೆ ಹೋದದ್ದು ಅವನಿಗೆ ತಿಳಿಯಲಿಲ್ಲ. ಬೇಲಿಯಾಚೆಯಿಂದ ಹಾರ್ಲನ್, "ಹೊಗಳಿದ್ಯಾ?" ಎಂದು ಕೂಗಿದ. "ಈಗ ಶುರು" ಎಂದು ವೆಂಡೆಲ್ ಓಡುತ್ತಲೇ ಕೂಗಿದ.

ಕ್ಲಿಪ್ಪು ಸಿಕ್ಕಿಸಿದ ಮೇಲೆ ಹದಿನೈದು ನಿಮಿಷ ಕಾಯಬೇಕು. ಆ ಹದಿನೈದು ನಿಮಿಷವನ್ನು ವೆಂಡೆಲ್ ಒಂದು ಚಣವೂ ಪೋಲು ಮಾಡಲಿಲ್ಲ.

"ರೋಂಡಾಳ ಕಾರು ನೋಡಿ, ಒಂದು ಗುಂಡಿ ಒತ್ತಿದರೆ ಸಾಕು. ಹಿಮ ಬೀಳಲಿ, ಬೆಂಕಿ ಬೀಳಲಿ, ಎದ್ದು ಕೂರುತ್ತೆ. ಸೀಟು ಬೆನ್ನಿಗೆ ಶಾಖ ಕೊಡುತ್ತಂತೆ. ಮುಖ್ಯವಾಗಿ ಕ್ಲಚ್ಚೇ ಇಲ್ಲ. ಎಡಗಾಲು ಬರೀ ಕೂತು ಹಾಡು ಕೇಳಬಹುದು."

"ಕ್ಲಚ್ಚೇ ಇಲ್ವಾ?" ಡೆಲ್ಬರ್ಟನ ಕೈ ಅವನ ಎಡ ಮೊಣಕಾಲನ್ನು ಸವರಿತು. ಅರ್ಧ ಶತಮಾನ ಆ ಕಾರಿನ ಕ್ಲಚ್ ತುಳಿದ ಮೊಣಕಾಲು ಅದು.

"ಇಲ್ಲವೇ ಇಲ್ಲ! ಬ್ರೇಕು ಹೆಬ್ಬೆರಳಲ್ಲಿ ಮುಟ್ಟಿದರೆ ನಿಲ್ಲುತ್ತೆ."

ಡೆಲ್ಬರ್ಟ್ ಮೊಣಕಾಲನ್ನು ಇನ್ನೊಮ್ಮೆ ಸವರಿದ. ಎದೆ ಅಳ್ಳಾಡಿತು, ಬೆಲೆ ಇಳಿಯಿತು ಎಂದುಕೊಂಡ ವೆಂಡೆಲ್. ಅಷ್ಟರಲ್ಲಿ ಕಾರೂ ಗುಡುಗಿ ಎದ್ದಿತು. ಕ್ಲಿಪ್ಪಿನಿಂದಲೋ ತಣ್ಣಗಾಗಿದ್ದಕ್ಕೋ ಎಂದು ಕುರ್ಚಿಗಳಲ್ಲಿ ಜಗಳ ಹತ್ತಿತು.

ಮಧ್ಯಾಹ್ನ ರೋಂಡಾಳ ಸರದಿ. ಶಾಲೆಯ ಹಳದಿ ಬಸ್ಸು ಓಡಿಸುವ ರೋಂಡಾ ವೆಂಡೆಲ್‌ನ ಜೊತೆ ಒಂದೇ ತರಗತಿಯಲ್ಲಿ ಓದಿದವಳು. ಅವಳ ಕಾರಿಗೆ ಎರಡು ವರ್ಷ, ಬಣ್ಣ ಕಡು ನೀಲಿ. ಅವಳೇ ಗುಂಡಿ ಒತ್ತಿ ಎಂಜಿನ್ ಎಬ್ಬಿಸಿದಳು. ಸಂಗೀತ ಶಾಲೆಯಲ್ಲಿ ಪಳಗಿದ ಸಿಂಹದ ಹಾಗೆ ಅದು ಶ್ರುತಿಬದ್ಧವಾಗಿ ಗರ್ಜಿಸಿತು.

"ಒಲೆ ಮೇಲೆ ಮಾಂಸ ಇಟ್ಟಿದೀನಿ, ಬಿಟ್ಟು ಬರೋ ಹಾಗಿಲ್ಲ. ನೀನೇ ಒಂದು ಸುತ್ತು ಹೋಗಿ ಬಾ" ಎಂದು ಇಳಿದು ಒಳಗೆ ಹೋದಳು.

ವೆಂಡೆಲ್ ಹೊರಟ ಕೂಡಲೇ ಕಾರು ಕುಂಯ್ ಕುಂಯ್ ಎಂದಿತು. ಎದುರಿನ ಪರದೆಯಲ್ಲಿ ಏನೋ ಅಕ್ಷರ ಮೂಡಿತು. ಹೊಸ ಕಾರು ಹೊಸಬರನ್ನು ಹೀಗೇ ಮಾತಾಡಿಸುತ್ತದೆ ಎಂದುಕೊಂಡು ವೆಂಡೆಲ್, "ನಮಸ್ಕಾರ, ನಮಸ್ಕಾರ" ಎಂದ. ಬೆಳಗ್ಗೆ ಹೋದ ಮಾನವನ್ನು ಮಧ್ಯಾಹ್ನ ವಾಪಸು ತರೋಣ ಎಂದು ನೇರ ಐಸ್‌ಕ್ರೀಮ್ ಅಂಗಡಿಯ ಮುಂದೆ ತಂದು ನಿಲ್ಲಿಸಿ, ಗುಂಡಿ ಒತ್ತಿ ಆರಿಸಿದ.

"ಹೇಗಿದೆ?" ಎಂದು ಮುದುಕರನ್ನು ಕೇಳಿದ.

"ಚೆನ್ನಾಗಿದೆ. ಎಬ್ಬಿಸು ನೋಡೋಣ."

ಒತ್ತಿದ. ಏಳಲಿಲ್ಲ. ಮೆತ್ತಗೆ ಒತ್ತಿದ, ಗಟ್ಟಿಯಾಗಿ ಒತ್ತಿದ, ಹೆಬ್ಬೆರಳು ಬದಲಿಸಿ ಒತ್ತಿದ. ಆಗ ಪರದೆಯ ಅಕ್ಷರ ಓದಿದ: ಕೀಲಿ ಕಾರಿನಲ್ಲಿಲ್ಲ. ಆ ಕಾರಿನ ಕೀಲಿ ಜೇಬಿನಲ್ಲಿದ್ದುಕೊಂಡೇ ಕೆಲಸ ಮಾಡುವಂಥದು, ಮತ್ತು ಆ ಜೇಬು ಈಗ ಮೂರು ಮೈಲಿ ಆಚೆ ಮಾಂಸ ಮಗುಚುತ್ತಿತ್ತು.

"ಬಟ್ಟೆ ಕ್ಲಿಪ್ಪು ಬೇಕೇನಪ್ಪಾ?" ಎಂದ ಕುರ್ಚಿಯ ನಾಲ್ಕನೆಯವನು.

ಫೋನು ಮಾಡಿ ಮುಕ್ಕಾಲು ಗಂಟೆಗೆ ರೋಂಡಾ ಬಂದಳು. ಇದ್ದ ಒಂದೇ ಕಾರು ವೆಂಡೆಲ್‌ನ ಹತ್ತಿರವೇ ಇದ್ದುದರಿಂದ ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರು ಏರಿ, ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಮಾಂಸ ಮಗುಚುವ ಇಕ್ಕಳ ಹಿಡಿದು, ನಡೆಯುವ ಮನುಷ್ಯನಿಗಿಂತ ಒಂದು ಗುಲಗಂಜಿಯಷ್ಟು ವೇಗವಾಗಿ ಬಂದಳು. ಕುರ್ಚಿಯವರು ಎದ್ದು ನಿಂತು ಆ ಟ್ರ್ಯಾಕ್ಟರಿಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟರು.

"ಅಷ್ಟು ಕೂಗಿಕೊಳ್ತಿತ್ತಲ್ಲೋ, ಕೇಳಿಸಲಿಲ್ವಾ ನಿನಗೆ?"

ವೆಂಡೆಲ್ ಮುಖಭಂಗವನ್ನೇ ಬಂಡವಾಳ ಮಾಡಿಕೊಂಡ. "ಅದಕ್ಕೇ ರೋಂಡಾ, ಅರವತ್ತೊಂಬತ್ತರ ಮುಂದೆ ಬೇರೆ ಇಲ್ಲ ಅನ್ನೋದು! ಅದರದು ಉಕ್ಕಿನ ಕೀಲಿ. ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತೆ. ಪರದೆ ಇಲ್ಲ, ಪೀಪಿ ಇಲ್ಲ. ಬೆಲ್ಟು ಹಾಕು, ಬಾಗಿಲು ಮುಚ್ಚು ಅಂತ ಒಂದು ಮಾತು ಆಡಲ್ಲ. ಕೆಟ್ಟರೂ ಮನುಷ್ಯರ ಹಾಗೆ ಕೆಡುತ್ತೆ. ಏನಾಯ್ತು ಅಂತ ಮುಖ ನೋಡಿದರೆ ತಿಳಿಯುತ್ತೆ."

"ಪೀಪಿ ಇಲ್ವಾ?" ರೋಂಡಾ ಕೈಯ ಇಕ್ಕಳ ಕೆಳಗಿಳಿಸಿದಳು. ಹಿಂದೆ ಹೋದರೆ ಪೀಪಿ, ಬಾಗಿಲು ತೆಗೆದರೆ ಪೀಪಿ, ವಾರವಿಡೀ ಬಸ್ಸಿನಲ್ಲಿ ಅದನ್ನೇ ಕೇಳಿದ ಕಿವಿ ಅವಳದು.

"ಒಂದೂ ಇಲ್ಲ! ನಿಮ್ಮಪ್ಪನ ಹತ್ರ ಇತ್ತಲ್ಲ, ಅಂಥದೇ ಶಬ್ದ."

ರೋಂಡಾ ಬೀದಿಯ ತುದಿಯನ್ನೇ ನೋಡುತ್ತಾ ನಿಂತಳು. ಇವಳ ಎದೆಯೂ ಅಳ್ಳಾಡಿತು ಎಂದು ವೆಂಡೆಲ್ ಒಳಗೊಳಗೇ ಕೈ ಉಜ್ಜಿಕೊಂಡ.

ಐದೂ ಕಾಲಿಗೆ ಮನೆಗೆ ಬರುವಷ್ಟರಲ್ಲಿ ಎರಡು ವರ್ಷದ ತಕ್ಕಡಿ ನಿಂತಿತ್ತು. ಹಳೆಯದೇ ಸರಿ. ಅರವತ್ತೊಂಬತ್ತೇ ಸರಿ. ಬೆಲೆ ಸ್ವಲ್ಪ ಹೊತ್ತು ತಾನಾಗಿ ಇಳಿಯಲಿ, ಐದೂವರೆಗೆ ಫೋನು ಮಾಡಿದರಾಯಿತು. ಹಿತ್ತಲಲ್ಲಿ ಲೊರೇಟಾ ಎರಡನೇ ಸಲ ಒಗೆದ ಚಾದರಗಳ ಬುಟ್ಟಿ ಹಿಡಿದು ಖಾಲಿ ತಂತಿಯನ್ನು ನೋಡುತ್ತಿದ್ದಳು.

"ಮನೇಲಿದ್ದ ಮರದ ಕ್ಲಿಪ್ಪು ಹನ್ನೆರಡೇ ವೆಂಡೆಲ್. ಅದೂ ನಮ್ಮಮ್ಮನದು."

"ಆರು ಗಂಟೆಗೆ ಅವು ಕಾರಿನ ಜೊತೇಲೇ ಬರ್ತವೆ" ಎಂದ ವೆಂಡೆಲ್, ಎದೆ ಉಬ್ಬಿಸಿ.

ಅಷ್ಟರಲ್ಲಿ ಬೀದಿ ಗುಡುಗಿತು. ಒಂದಲ್ಲ, ಎರಡು ಗುಡುಗು. ಮುಂದೆ ಕೆಂಪು ಕಾರು, ಹಿಂದೆ ನೀಲಿ ಕಾರು, ಎರಡೂ ವೆಂಡೆಲ್‌ನ ಮನೆಯ ಮುಂದೆ ನಿಂತವು. ಹಾರ್ಲನ್ ಬೇಲಿಯ ಮೇಲೆ ಅರ್ಧ ಹತ್ತಿ, "ನೋಡಿದ್ಯಾ! ಇಬ್ಬರೂ ಮನೆ ಬಾಗಿಲಿಗೇ ಬಂದ್ರು! ಪೈಪೋಟಿ ಕಣೋ! ಗಟ್ಟಿಯಾಗಿ ಕೂತ್ಕೋ, ಮೊದಲು ನೀನು ಬಾಯಿ ಬಿಡಬೇಡ" ಎಂದು ಪಿಸುಗುಟ್ಟಿದ, ಆ ಪಿಸುಮಾತು ಮೂರನೇ ಮನೆಗೂ ಕೇಳಿಸಿತು.

ವೆಂಡೆಲ್ ತಲೆ ಬಾಚಿಕೊಂಡು ಅಡುಗೆಮನೆಯ ಮೇಜಿಗೆ ದೊರೆಯಂತೆ ಕೂತ. ಡೆಲ್ಬರ್ಟ್, ರೋಂಡಾ ಎದುರಿಗೆ ಕೂತು ತಂತಮ್ಮ ಕಾರಿನ ಒಡೆತನದ ಪತ್ರ ತೆಗೆದು ಮೇಜಿನ ಮೇಲಿಟ್ಟರು. ವೆಂಡೆಲ್ ಬಾಯಿ ಬಿಡಲಿಲ್ಲ.

"ಮೊಹರು ತಗೋ ಮಗಾ" ಎಂದ ಡೆಲ್ಬರ್ಟ್. "ಅವಳ ಕಾರು ನನಗೆ, ನನ್ನ ಕಾರು ಅವಳಿಗೆ. ಸರಿಗೆ ಸರಿ ಬದಲಾಯಿಸಿಕೊಂಡ್ವಿ."

ವೆಂಡೆಲ್‌ನ ಬಾಯಿ ತಾನಾಗಿ ಬಿಟ್ಟುಕೊಂಡಿತು.

"ನೀನು ಹೋದಮೇಲೆ ನನಗೆ ತಡೀಲಿಲ್ಲ" ಎಂದಳು ರೋಂಡಾ. "ಆ ಕೀಲಿ ಹೇಗಿದೆ ಒಂದು ಸಲ ಮುಟ್ಟಿ ನೋಡೋಣ ಅಂತ ಇವರ ಮನೆಗೆ ಹೋದೆ. ಹೋದರೆ ಇವರು ನನ್ನ ಮನೆಗೆ ಹೊರಟು ನಿಂತಿದ್ರು!"

"ಕ್ಲಚ್ಚೇ ಇಲ್ಲ!" ಎಂದ ಡೆಲ್ಬರ್ಟ್, ಹರಕೆ ಫಲಿಸಿದವನ ದನಿಯಲ್ಲಿ.

ಗಡಿಯಾರ ಆರಕ್ಕೆ ಹತ್ತು ನಿಮಿಷ ಎನ್ನುತ್ತಿತ್ತು. ವೆಂಡೆಲ್ ಮುಳುಗುವವನಂತೆ ಕಾನೂನಿನ ಹುಲ್ಲುಕಡ್ಡಿ ಹಿಡಿದ. "ಇದು... ಇದು ಆಗಲ್ಲ. ನೋಟರಿಗೆ ಆ ವ್ಯವಹಾರದಲ್ಲಿ ಸ್ವಂತ ಆಸಕ್ತಿ ಇರಬಾರದು. ನಿಯಮ ಇದೆ."

"ನಿನಗೆಲ್ಲಿದೆ ಆಸಕ್ತಿ?" ರೋಂಡಾ ಅಚ್ಚರಿಪಟ್ಟಳು. "ನನ್ನ ಕಾರು ಬೇಡ ಅಂತ ನನ್ನೆದುರಿಗೇ ಹೇಳಿದೆ."

"ನನ್ನದೂ ಬೇಡ ಅಂತ ನನ್ನೆದುರಿಗೇ ಹೇಳಿದ" ಎಂದ ಡೆಲ್ಬರ್ಟ್. "ನಾಲ್ಕು ಜನ ಸಾಕ್ಷಿ ಇದಾರೆ, ಕುರ್ಚಿ ಸಮೇತ."

ವೆಂಡೆಲ್ ಉತ್ತರಕ್ಕಾಗಿ ಲೊರೇಟಾಳ ಮುಖ ನೋಡಿದ. ಅವಳು ಗಡಿಯಾರ ನೋಡುತ್ತಿದ್ದಳು. ಕೊನೆಗೆ ಡ್ರಾಯರಿನಿಂದ ಮೊಹರು ತೆಗೆದು, ಮೂವತ್ತು ವರ್ಷದಿಂದ ಕೇಳಿದ ಪ್ರಶ್ನೆಯನ್ನೇ ಕೇಳಿದ. "ಇದನ್ನು ನೀವಿಬ್ಬರೂ ಸ್ವಂತ ಇಚ್ಛೆಯಿಂದ ಮಾಡುತ್ತಿದ್ದೀರಾ? ಬೇರೆ ಯಾರ ಒತ್ತಾಯವೂ ಇಲ್ಲ ತಾನೇ?"

"ಒತ್ತಾಯ ಇಲ್ಲದೆ ಏನು, ಇಡೀ ದಿನ ಮಾಡಿದ್ದು ನೀನೇ ಅಲ್ವಾ" ಎಂದಳು ರೋಂಡಾ. "ಆದರೆ ಇಚ್ಛೆ ನಮ್ಮದೇ."

ಎರಡು ಪತ್ರದ ಮೇಲೂ ಮೊಹರು ಬಿತ್ತು.

ಆರೂ ಕಾಲಿಗೆ ಚರ್ಚಿನ ಟ್ರಕ್ಕು ಪೀಪಿ ಪೀಪಿ ಎನ್ನುತ್ತಾ ಹಿಂದೆ ಹಿಂದೆ ಬಂದು ಗ್ಯಾರೇಜಿಗೆ ಬೆನ್ನು ಹಚ್ಚಿತು. ಕಾಲಿಲ್ಲದ ಮೂರು ಕುರ್ಚಿ, ಎರಡು ಹಾರ್ಮೋನಿಯಮ್ಮು, ಯಾರೋ ಪುಣ್ಯಾತ್ಮ ಕೊಟ್ಟ ಕರಡಿ ಗೊಂಬೆ, ಒಂದರ ಮೇಲೊಂದು ಇಳಿದವು. ಕರಡಿಯನ್ನು ಸರಿಯಾಗಿ ಅರವತ್ತೊಂಬತ್ತರ ಮೂತಿ ಬರಬೇಕಾದ ಜಾಗದಲ್ಲಿ ಕೂರಿಸಿದರು.

"ಹೊಗಳಿದ್ದು ಸ್ವಲ್ಪ ಜಾಸ್ತಿ ಆಯ್ತೇನೋ" ಎಂದು ಹಾರ್ಲನ್ ಬೇಲಿಯಿಂದ ಮೆಲ್ಲಗೆ ಇಳಿದು ಮನೆಯೊಳಗೆ ಹೋದ.

ಬೇಸಿಗೆಯ ಹೊತ್ತು ಮುಳುಗಲು ಇನ್ನೂ ಮೂರು ಗಂಟೆ ಇತ್ತು. ಕೆಂಪು ಕಾರು ಬೀದಿಯಲ್ಲಿ ಗುಡುಗುತ್ತಾ ಹೋಯಿತು. ಬಾನೆಟ್ಟಿನೊಳಗೆ ಲೊರೇಟಾಳ ಅಮ್ಮನ ಹನ್ನೆರಡು ಕ್ಲಿಪ್ಪುಗಳು ಪೈಪು ಕಚ್ಚಿಕೊಂಡು ಕೂತಿದ್ದವು. ಹಿಂದೆಯೇ ನೀಲಿ ಕಾರಿನಲ್ಲಿ ಡೆಲ್ಬರ್ಟ್, ಎಡಗಾಲು ಮಡಚಿಕೊಂಡು. ಇಬ್ಬರೂ ಹಿತ್ತಲ ಕಡೆ ನೋಡಿ ಹಾರ್ನ್ ಹೊಡೆದರು.

ಕೈ ಬೀಸುವ ಆಸೆ ವೆಂಡೆಲ್‌ಗೂ ಇತ್ತು. ಆದರೆ ತಂತಿಯ ಮೇಲಿನ ಒದ್ದೆ ಚಾದರದ ಎರಡು ತುದಿಯನ್ನೂ ಅವನು ಎರಡು ಕೈಯಲ್ಲಿ ಒತ್ತಿ ಹಿಡಿದು ನಿಂತಿದ್ದ. ಒಣಗುವವರೆಗೆ ಬಿಡುವ ಹಾಗಿರಲಿಲ್ಲ. ಬುಟ್ಟಿಯಲ್ಲಿ ಇನ್ನೂ ಮೂರಿದ್ದವು.