ಚಪ್ಪಲಿ ಎಲ್ಲಿ ಬಿಡಬೇಕು?

ನನಗೆ ಅನುಮಾನದ ರೋಗ ಅಂಟಿಕೊಂಡಿದೆ ಎಂದು ನನ್ನ ಹೆಂಡತಿ ಶಾಂತಾ ಹೇಳುತ್ತಾಳೆ. ಹಾಗೇಕೆ ಹೇಳುತ್ತಾಳೆ ಎಂಬುದರ ಬಗ್ಗೆಯೇ ನನಗೆ ಅನುಮಾನವಿದೆ. ನನ್ನ ದೃಷ್ಟಿಯಲ್ಲಿ ಅದು ರೋಗವಲ್ಲ, ಮುಂಜಾಗ್ರತೆ. ಮನೆಗೆ ಬೀಗ ಹಾಕಿ ಮೂರು ಮಹಡಿ ಇಳಿದ ಮೇಲೆ ಮತ್ತೆ ಹತ್ತಿ ಹೋಗಿ ಆ ಬೀಗವನ್ನು ಜಗ್ಗಿ ನೋಡುತ್ತೇನೆ. ಹಾಲಿನವನು ಕಾರಣವಿಲ್ಲದೆ ನಕ್ಕರೆ ಅಂದಿನ ಹಾಲನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತೇನೆ. ಒಮ್ಮೆ ಪುಣೆಯಿಂದ ವಿಜಾಪುರಕ್ಕೆ ಹೊರಟಾಗ ರೈಲಿನಲ್ಲಿ ಎದುರು ಕುಳಿತ ಕುಟುಂಬದವರು ಪೇರಲಹಣ್ಣು ಕೊಡಲು ಬಂದರು. ಮೊದಲು ಅವರು ತಿನ್ನಲಿ, ಅವರಿಗೆ ಏನೂ ಆಗದಿದ್ದರೆ ಆಮೇಲೆ ನಾನು ತಿನ್ನುತ್ತೇನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಈಗ ಬೇಡ ಎಂದೆ. ದೌಂಡ ಸ್ಟೇಶನ್ ದಾಟುವಷ್ಟರಲ್ಲಿ ಅವರು ಬುಟ್ಟಿಯನ್ನೇ ಖಾಲಿ ಮಾಡಿ, ಆರೋಗ್ಯವಾಗಿ ಗೊರಕೆ ಹೊಡೆಯುತ್ತಿದ್ದರು. ಇನ್ನು ಗುಡಿಗೆ ಹೋದರೆ ಎರಡು ಚಪ್ಪಲಿಗಳನ್ನು ಒಂದೇ ಕಡೆ ಬಿಡುವವನಲ್ಲ ನಾನು. ರಾಂಜಣಗಾಂವದ ಗಣಪತಿಗೆ ಹೋದಾಗಲೆಲ್ಲ ಬಲಗಾಲಿನದನ್ನು ತೆಂಗಿನಕಾಯಿ ಅಂಗಡಿಯ ಬೆಂಚಿನ ಕೆಳಗೆ, ಎಡಗಾಲಿನದನ್ನು ಗೋಡೆಯ ಆಚೆ ಮೂಲೆಯಲ್ಲಿ ಬಿಡುತ್ತೇನೆ. ಕಳ್ಳನಿಗೆ ಬೇಕಾಗುವುದು ಜೋಡಿ. ಒಂಟಿ ಚಪ್ಪಲಿಗಾಗಿ ಪಾಪ ಕಟ್ಟಿಕೊಳ್ಳುವ ಮೂರ್ಖ ಅವನಲ್ಲ. ದರ್ಶನ ಮುಗಿದ ಮೇಲೆ ಎಡಗಾಲಿನದು ಎಲ್ಲಿದೆ ಎಂಬುದು ಕೆಲವೊಮ್ಮೆ ನನಗೇ ಮರೆತುಹೋಗಿ, ಶಾಂತಾ ಒಂದು ಕೈಯಲ್ಲಿ ಪ್ರಸಾದ, ಇನ್ನೊಂದು ಕೈಯಲ್ಲಿ ನನ್ನ ಬಲ ಚಪ್ಪಲಿ ಹಿಡಿದುಕೊಂಡು ಬಿಸಿಲಿನಲ್ಲಿ ಅಲೆದಾಡುವುದುಂಟು. ಆದರೆ ಇವತ್ತಿನವರೆಗೆ ನನ್ನ ಚಪ್ಪಲಿ ಕಳುವಾಗಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಇಷ್ಟು ಎಚ್ಚರದಿಂದ ಬದುಕಿದ ನನ್ನ ಮನೆಯೊಳಗೇ ಒಂದು ಗುಟ್ಟು ಕಾಲಿಟ್ಟದ್ದು ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ. ಮಗಳ ಓದಿಗೆಂದು ತಂದ ಕಂಪ್ಯೂಟರ್ ಅವಳು ಹಾಸ್ಟೆಲ್ಲಿಗೆ ಹೋದ ಮೇಲೆ ಪಡಸಾಲೆಯ ಮೂಲೆಯಲ್ಲಿ ಮುಸುಕು ಹೊದ್ದು ಕುಳಿತಿತ್ತು. ಒಂದು ದಿನ ನಮ್ಮ ವಿಮಾನ ನಗರದ ಆಫೀಸಿನಲ್ಲಿ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ಮಧ್ಯಾಹ್ನವೇ ವಿಶ್ರಾಂತವಾಡಿಯ ಮನೆಗೆ ಬಂದೆ. ಬೆಲ್ ಒತ್ತಿದೆ, ಬಾಗಿಲು ತೆರೆಯಲಿಲ್ಲ. ನನ್ನ ಕೀಲಿಯಿಂದ ತೆಗೆದು ಒಳಗೆ ಹೋದರೆ ಶಾಂತಾ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಪರದೆಯ ಮೇಲೆ ಕೆಂಪು ಸೀರೆಯ ಒಬ್ಬಳು ತರುಣಿ ಸಮುದ್ರದ ದಂಡೆಯಲ್ಲಿ ಸೆರಗು ಹಾರಿಸುತ್ತ ನಡೆದಿದ್ದಾಳೆ. ಏನು ಮಾಡುತ್ತಿದ್ದೀ ಎಂದು ಕೇಳಿದೆ.

"ಮೊದಲ ಅಲ್ಲಿ ನಡ್ಯಾಕ ಕಲಿತಿದ್ದೆ," ಎಂದಳು. "ಈಗ ಹೊಸಬರಿಗೆ ನಾನ ಕಲಸ್ತೀನ್ರಿ."

ಬಾಗಲಕೋಟೆಯ ಒಳ್ಳೆಯ ಮನೆತನದಿಂದ ಬಂದವಳು, ಒಂದು ಮಗುವಿನ ತಾಯಿ, ಈ ವಯಸ್ಸಿನಲ್ಲಿ ನಡೆಯಲು ಕಲಿಯುವುದೆಂದರೆ ಏನು? ಅವಳು ಬಿಡಿಸಿ ಹೇಳಿದಳು. ಅದು ಕಂಪ್ಯೂಟರಿನೊಳಗಿನ ಒಂದು ಲೋಕವಂತೆ. ಜಗತ್ತಿನ ಜನರೆಲ್ಲ ಅಲ್ಲಿ ಒಂದೊಂದು ಗೊಂಬೆಯಾಗಿ ಓಡಾಡುತ್ತಾರೆ, ಮನೆ ಕಟ್ಟುತ್ತಾರೆ, ಹರಟೆ ಹೊಡೆಯುತ್ತಾರೆ. ಆದರೆ ಹೊಸದಾಗಿ ಹೋದ ಗೊಂಬೆಗೆ ನಡೆಯಲು, ತಿರುಗಲು, ಕುರ್ಚಿಯ ಮೇಲೆ ಕೂಡಲು ಏನೂ ಬರುವುದಿಲ್ಲ. ಅದಕ್ಕಾಗಿ ಕಲಿಯುವ ಬಯಲುಗಳಿವೆ. ಹೊಸಬರಿಗೂ, ಕಲಿತದ್ದನ್ನು ಮರೆತು ಬಂದವರಿಗೂ ಹೇಳಿಕೊಡುವ ಶಾಲೆಗಳೂ ಇವೆ, ಅಂಥದೊಂದರಲ್ಲಿ ಇವಳು ಕಲಿಸುತ್ತಾಳಂತೆ. ಫೀ ಇಲ್ಲ, ಪರೀಕ್ಷೆ ಇಲ್ಲ, ಯಾರು ಬೇಕಾದರೂ ಹೋಗಬಹುದು. ಫೀ ಇಲ್ಲ ಎಂದೊಡನೆ ನನ್ನ ಕಿವಿಗಳು ನಿಮಿರಿದವು. ಇಷ್ಟು ವರ್ಷ ಪುಣೆಯಲ್ಲಿದ್ದೇನೆ. ಈ ಊರಿನಲ್ಲಿ ಪುಕ್ಕಟೆ ಸಿಗುವುದು ಬುದ್ಧಿಮಾತು ಒಂದೇ, ಅದೂ ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ. ಹೀಗಿರುವಾಗ ಯಾರದೋ ಗೊಂಬೆಯನ್ನು ಕೂಡಿಸುವುದಕ್ಕೆ ಯಾರೋ ಪುಕ್ಕಟೆ ಶಾಲೆ ತೆರೆಯುತ್ತಾರೆಂದರೆ ಅದರ ಹಿಂದೆ ಏನೋ ಇರಲೇಬೇಕು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಆ ತರುಣಿಯ ತಲೆಯ ಮೇಲೆ ತೇಲುತ್ತಿದ್ದ ಹೆಸರು: ಶಾಂತಾ ಮೇಪಲ್ಟನ್. ಅಡ್ಡಹೆಸರನ್ನು ಅವರ ಪಟ್ಟಿಯಿಂದಲೇ ಆರಿಸಬೇಕಂತೆ, ನಮ್ಮದು ಅದರಲ್ಲಿ ಇರಲಿಲ್ಲವಂತೆ. ಮದುವೆಯಾದಾಗಿನಿಂದ ನನ್ನ ಮನೆತನದ ಹೆಸರು ಹೊತ್ತವಳು ಒಂದೇ ಮಧ್ಯಾಹ್ನದಲ್ಲಿ ಮೇಪಲ್ಟನ್ನರ ಮನೆ ಸೇರಿದ್ದಳು.

ಅಂದಿನಿಂದ ಅವಳನ್ನು ಗಮನಿಸತೊಡಗಿದೆ. ಲಕ್ಷಣಗಳು ಒಳ್ಳೆಯವಿರಲಿಲ್ಲ. ಅವಳು ಖುಷಿಯಾಗಿದ್ದಳು. ರೊಟ್ಟಿ ಬಡಿಯುವಾಗ ಗುನುಗುತ್ತಿದ್ದಳು. ನಾನು ಬೀಗ ಜಗ್ಗಲು ವಾಪಸು ಬಂದರೆ ಮೊದಲಿನಂತೆ ಬೈಯುತ್ತಿರಲಿಲ್ಲ. ಈ ವಿಷಯವನ್ನು ಆಫೀಸಿನ ದೇಶಪಾಂಡೆಗೆ, ಬೇರೆ ಯಾರದೋ ಮನೆಯ ಕತೆ ಎಂಬಂತೆ ಹೇಳಿದೆ. ಅವನು ಡಬ್ಬಿಯ ಪಲ್ಯವನ್ನು ಬೆರಳಿನಿಂದ ಒರೆಸುತ್ತ, ಇಂಥದ್ದನ್ನು ಬೇರೆಯವರ ಬಾಯಿಂದ ಕೇಳಬಾರದು, ಆ ಗೃಹಸ್ಥ ತಾನೇ ಒಳಗೆ ಹೋಗಿ ನೋಡಬೇಕು ಎಂದ. ಆಮೇಲೆ ನನ್ನ ಹೆಗಲು ತಟ್ಟಿ, ಧೈರ್ಯ ತಂದುಕೊಳ್ಳಿ ಎಂದ. ಬೇರೆಯವರ ಮನೆಯ ಕತೆಗೆ ನನಗೇಕೆ ಧೈರ್ಯ ಹೇಳಿದನೋ ತಿಳಿಯಲಿಲ್ಲ.

ಒಳಗೆ ಹೋಗುವುದೆಂದು ನಿಶ್ಚಯಿಸಿದೆ. ಆಫೀಸಿನ ಹಿಂದಿನ ಗಲ್ಲಿಯಲ್ಲಿ ಹುಡುಗರು ಆಟವಾಡುವ ಸೈಬರ್ ಕೆಫೆಯೊಂದಿತ್ತು. ಊಟದ ಹೊತ್ತಿನಲ್ಲಿ ಅಲ್ಲಿಗೆ ಹೋಗಿ, ಬಟ್ಟೆಯ ಪರದೆ ಇರುವ ಮೂಲೆಯ ಜಾಗ ಬೇಕು ಎಂದೆ. ಮಾಲೀಕ ನನ್ನ ನರೆಗೂದಲನ್ನೂ ಟಿಫಿನ್ ಚೀಲವನ್ನೂ ನೋಡಿ, ಗುರುತಿನ ಚೀಟಿ ಕೇಳಿದ. ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ನನ್ನಷ್ಟೇ ಅನುಮಾನದ ಮನುಷ್ಯನನ್ನು ನಾನು ಅವತ್ತೇ ಮೊದಲು ಕಂಡದ್ದು. ನನಗೆ ಅವನು ಸ್ವಲ್ಪವೂ ಹಿಡಿಸಲಿಲ್ಲ.

ಗುರುತು ಸಿಗಬಾರದೆಂದು ಮರಾಠಿ ಹೆಸರು ಇಟ್ಟುಕೊಂಡು, ಅವರ ಪಟ್ಟಿಯಿಂದ ಅಡ್ಡಹೆಸರು ಆರಿಸಿ, ಬಬನ್ ಫರ್ನ್‌ವುಡ್ ಆದೆ. ಕಲಿಯುವ ಬಯಲಿನಲ್ಲಿ ನನ್ನನ್ನು ಇಳಿಸಿದರು. ಮುಂದೆ ಹೋಗೆಂದು ಒತ್ತಿದರೆ ಗೋಡೆಗೆ ಮುಖ ತಿಕ್ಕುತ್ತ ನಿಂತೆ. ಹಿಂದೆ ಸರಿದರೆ ಸಮುದ್ರಕ್ಕೆ ಬಿದ್ದೆ. ಮುಳುಗಿ ಸಾಯಲಿಲ್ಲ, ತಳದಲ್ಲಿ ಗಂಭೀರವಾಗಿ ನಡೆದುಹೋದೆ. ಮೇಲೆ ಬರಲೆಂದು ಇನ್ನೊಂದು ಕೀಲಿ ಒತ್ತಿದರೆ ನೀರಿನಿಂದ ಎದ್ದವನು ಹಾಗೆಯೇ ಆಕಾಶಕ್ಕೆ ಏರಿದೆ. ಇಳಿಯುವುದನ್ನು ಕಲಿಸುವ ಮೊದಲೇ ಹಾರುವುದನ್ನು ಕೈಗೆ ಕೊಡುವವರ ಉದ್ದೇಶವಾದರೂ ಏನು ಎಂದು ಮೋಡಗಳ ನಡುವೆ ನಿಂತು ಯೋಚಿಸಿದೆ. ಎರಡು ದಿನ ಉಪವಾಸವಿದ್ದು, ಟಿಫಿನ್ನನ್ನು ಸಂಜೆ ಕದ್ದು ತಿಂದು, ನೆಟ್ಟಗೆ ನಡೆಯುವುದನ್ನು ಕಲಿತೆ. ಮೂರನೆಯ ದಿನ, ಶಾಂತಾ ಕಲಿಸುವ ಶಾಲೆಯ ಫಲಕ ಹುಡುಕುತ್ತ ಹೊರಟೆ.

ಅದು ಬಿಳಿಯ ದೊಡ್ಡ ಮನೆ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗೆ ಕೆಂಪು ಸೀರೆ ಕಾಣಿಸಿತು, ಅದರ ಮೇಲೆ ಮೇಪಲ್ಟನ್ ಎಂಬ ಹೆಸರೂ ಕಾಣಿಸಿತು. ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟೆ. ಮುಂದೆ ಹೋಗಲು ಬೆರಳೇ ಬರಲೊಲ್ಲದು. ಯಾಕೆಂದರೆ ನನ್ನ ಕಾಲಲ್ಲಿ ಬೂಟುಗಳಿದ್ದವು. ಎಲ್ಲರೂ ಬೂಟು ಕುಟ್ಟುತ್ತ ಒಳಗೆ ಹೋಗುತ್ತಿದ್ದರು, ನರಿಯ ತಲೆಯ ಒಬ್ಬ ಮಹಾಶಯನೂ ಹೋದ. ಎಷ್ಟಾದರೂ ಅದು ವಿದ್ಯೆ ಕಲಿಸುವ ಜಾಗ, ಬೂಟಿನಲ್ಲಿ ಒಳಗೆ ಹೋಗುವುದು ನಮಗೆ ಆಗುವ ಮಾತಲ್ಲ. ಬೂಟು ಕಳಚಲೆಂದು ಎಲ್ಲೋ ಒತ್ತಿದೆ. ತಲೆಯ ಕೂದಲು ಕಳಚಿಬಂತು. ಬೋಳುತಲೆಯಲ್ಲಿ ನಿಂತು ಇನ್ನೊಂದು ಒತ್ತಿದೆ. ಆಗ ಬೂಟುಗಳು ಬಿಚ್ಚಿ ನೆಲಕ್ಕೆ ಬಂದವು. ಒಂದನ್ನು ಬಾಗಿಲ ಬಲಕ್ಕೆ, ಇನ್ನೊಂದನ್ನು ಎಡಗಡೆ ಹೂಕುಂಡದ ಹಿಂದಕ್ಕೆ ಸರಿಸಿ, ಬರಿಗಾಲಿನಲ್ಲಿ ಒಳಗೆ ಹೋದೆ. ಅಷ್ಟರಲ್ಲಿ ಕೆಫೆಯ ಮಾಲೀಕ ಪರದೆ ಸರಿಸಿ ಇಣುಕಿದ. ಏನೋ ಕೆಟ್ಟದ್ದನ್ನು ಹಿಡಿಯುವ ಆಸೆಯಿಂದ ಬಂದವನಿಗೆ ಒಬ್ಬ ಬೋಳುತಲೆಯವನು ಬರಿಗಾಲಿನಲ್ಲಿ ನಿಂತದ್ದು ಮಾತ್ರ ಕಂಡು, ಮೊದಲಿಗಿಂತ ಹೆಚ್ಚು ಅನುಮಾನದಿಂದ ಹೋದ.

ಅಲ್ಲಿ ಮಾತೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡುವುದು. ನಾನು ಮರಾಠಿಯಲ್ಲಿ ನಮಸ್ಕಾರ ಎಂದೆ. ಅವಳೂ ಮರಾಠಿಯಲ್ಲೇ, ಬನ್ನಿ ಬಬನ್‌ರಾವ್, ಗಾಬರಿಯಾಗಬೇಡಿ, ನಿಧಾನವಾಗಿ ಕಲಿಯೋಣ ಎಂದಳು. ಇಷ್ಟು ವರ್ಷ ಈ ಊರಿನಲ್ಲಿದ್ದರೂ ನಾವಿಬ್ಬರೂ ಪರಸ್ಪರ ಮರಾಠಿಯಲ್ಲಿ ಒಂದು ಮಾತೂ ಆಡಿದವರಲ್ಲ. ಅವಳ ಮರಾಠಿ ಎಷ್ಟು ಮೆದುವಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕುರ್ಚಿಯ ಮೇಲೆ ಕೂಡುವುದನ್ನು ಕಲಿಸಿದಳು. ನಾನು ಕುರ್ಚಿಯ ಬೆನ್ನಿನ ಮೇಲೆ ಕೂತೆ, ಪಕ್ಕದವನ ತೊಡೆಯ ಮೇಲೆ ಕೂತೆ. ಅವಳು ಒಂದು ಸಲವೂ ರೇಗಲಿಲ್ಲ. ಪರವಾಗಿಲ್ಲ, ಎಲ್ಲರಿಗೂ ಮೊದಲು ಹೀಗೇ ಆಗುತ್ತದೆ ಎಂದಳು. ಮನೆಯಲ್ಲಿ ನಾನು ಗ್ಯಾಸಿನ ಲೈಟರ್ ತಲೆಕೆಳಗಾಗಿ ಹಿಡಿದಾಗ ಅವಳು ಆಡಿದ ಮಾತು ನೆನಪಾಯಿತು. ಯಾರೋ ದಾರಿಹೋಕ ಬಬನನ ಮೇಲೆ ಇಷ್ಟು ಕರುಣೆ ಏಕೆ? ಅವನಲ್ಲಿ ಏನು ಕಂಡಳು, ತಲೆಯಲ್ಲಿ ಕೂದಲೂ ಇಲ್ಲದವನು? ನಾಚಿಕೆ ಬಿಟ್ಟು ಹೇಳುತ್ತೇನೆ, ಆ ವಾರ ನಾನು ಬಬನ್ ಫರ್ನ್‌ವುಡ್‌ನನ್ನು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ. ಮತ್ತು ಮರುದಿನ ಊಟದ ಹೊತ್ತು ಯಾವಾಗ ಆದೀತೆಂದು ಅವನಷ್ಟೇ ಕಾತರದಿಂದ ಕಾದಿದ್ದೇನೆ.

ಕೊನೆಗೆ ಪರೀಕ್ಷಿಸಿಬಿಡೋಣವೆಂದು ಒಂದು ದಿನ ಪಾಠ ಮುಗಿದ ಮೇಲೆ, ನಿಮ್ಮ ಯಜಮಾನರು ಹೇಗೆ ಎಂದು ಕೇಳಿದೆ. ಅವಳು ಹೆಚ್ಚು ಯೋಚಿಸಲಿಲ್ಲ. ಒಳ್ಳೆಯವರೇ, ದಿನಾ ಎರಡು ಸಲ ಬೀಗ ಹಾಕುತ್ತಾರೆ ಎಂದಳು. ಹಾಗಾದರೆ ಇಲ್ಲಿಗೆ ಏಕೆ ಬರುತ್ತೀರಿ ಎಂದೆ. ಅಕ್ಷರಗಳು ಒಂದೊಂದಾಗಿ ಬಂದವು. ಮೊಣಕಾಲು ಭಾಳ ನೋಯುತ್ತವೆ. ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಇಳಿದರೆ ಮತ್ತೆ ಹತ್ತಬೇಕಲ್ಲ ಎಂದು ಇಳಿಯುವುದನ್ನೇ ಬಿಟ್ಟಿದ್ದೇನೆ. ಇಲ್ಲಿ ಎಷ್ಟು ಮೆಟ್ಟಿಲು ಹತ್ತಿದರೂ ನೋಯುವುದಿಲ್ಲ. ಗ್ರೌಂಡ್ ಫ್ಲೋರಿನ ಮನೆ ಖಾಲಿಯಾದಾಗ ಮನೆಯ ಮಾಲೀಕರು ಬೇಕೇ ಎಂದು ತಾವಾಗಿ ಕೇಳಿದ್ದರು. ಅಲ್ಲಿ ಕಳ್ಳರು ಬರುತ್ತಾರೆಂದು ನಮ್ಮ ಮನೆಯವರು ಒಪ್ಪಲಿಲ್ಲ.

ನಾನು ಉತ್ತರ ಟೈಪು ಮಾಡುವ ಮೊದಲೇ ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು. ಈ ಸಲ ಅದು ಮರಾಠಿಯಾಗಿರಲಿಲ್ಲ.

"ಬರೂಮುಂದ ಕೊತ್ತಂಬರಿ ತಗೊಂಡ ಬರ್ರಿ. ಬಾಡಿದ್ದ ತರಬ್ಯಾಡ್ರಿ."

ಕೀಲಿಮಣೆಯಿಂದ ಕೈ ತೆಗೆದೆ. ಆ ಲೋಕದಲ್ಲಿ ಕೈ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಗೊಂಬೆ ತಾನಾಗಿಯೇ ತಲೆ ತಗ್ಗಿಸಿ ನಿಲ್ಲುತ್ತದೆ. ಅದೊಂದನ್ನು ಮಾತ್ರ ಯಾರೂ ಕಲಿಸಬೇಕಾಗಿಲ್ಲ.

ಕೊತ್ತಂಬರಿಯ ಕಟ್ಟು ಹಿಡಿದುಕೊಂಡು ಮೂರು ಮಹಡಿ ಹತ್ತಿದೆ. ಆ ಮೆಟ್ಟಿಲುಗಳು ಇಷ್ಟು ಎತ್ತರವಿವೆ ಎಂದು ಅವತ್ತಿನವರೆಗೆ ನನಗೆ ಅನಿಸಿರಲಿಲ್ಲ. ಶಾಂತಾ ಕಟ್ಟನ್ನು ಮೂಸಿ ನೋಡಿ, ಬೇರು ಕತ್ತರಿಸತೊಡಗಿದಳು. ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ಮೊದಲನೇ ದಿನಾನ. ಜಗತ್ತಿನ ಮಂದಿ ಎಲ್ಲಾ ಬೂಟು ಹಾಕ್ಕೊಂಡ ಒಳಗ ಬರ್ತಾರ. ನೀವೊಬ್ಬರ ಬಾಗಲಾಗ ನಿಂತು, ಒಂದು ಅತ್ಲಾಗ, ಒಂದು ಇತ್ಲಾಗ ಇಟ್ಟು ಬಂದ್ರಿ. ಕೂದಲಾ ಯಾಕ ತಗದ್ರಿ ಅನ್ನೂದಷ್ಟ ತಿಳೀಲಿಲ್ಲ ನೋಡ್ರಿ."

ಗೊತ್ತಾದಾಗಲೇ ಏಕೆ ಹೇಳಲಿಲ್ಲ ಎಂದೆ. ಅವಳು ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಹೇಳಿದ್ರ ಬರ್ತಿದ್ದಿಲ್ಲ ನೀವು. ಮನ್ಯಾಗ ನನ್ನ ಮಾತು ಯಾವಾಗ ಕೇಳೀರಿ? ಬಬನ್‌ರಾವ್ ಭಾಳ ಚಲೋ ಮನಷ್ಯಾ. ಕೂಡ್ರಿ ಅಂದ್ರ ಕೂಡ್ತಿದ್ರು, ಏಳ್ರಿ ಅಂದ್ರ ಏಳ್ತಿದ್ರು. ಮೊಣಕಾಲಿಂದು ನಿಮಗ ಹೇಳಿದ್ರ ಡಾಕ್ಟರ ಮ್ಯಾಲೆ ಅನುಮಾನ ಪಡ್ತಿದ್ರಿ. ಅವರಿಗೆ ಹೇಳಿದೆ, ಸುಮ್ಮನ ಕೇಳಿದ್ರು."

ಬೇರು ಕತ್ತರಿಸಿದ ಕೊತ್ತಂಬರಿಯನ್ನು ನಾನು ತೊಳೆಯತೊಡಗಿದೆ. ತೊಳೆದದ್ದು ಬಬನ್‌ರಾವ್ ಇರಬೇಕು.

ಗ್ರೌಂಡ್ ಫ್ಲೋರಿನವರು ಮನೆ ಬಿಡುವವರೆಗೆ ಕಾದು, ಈಗ ನಾವು ಅಲ್ಲಿಗೆ ಬಂದಿದ್ದೇವೆ. ಶಾಂತಾ ಸಂಜೆ ತರಕಾರಿ ತರಲು ತಾನೇ ಹೋಗುತ್ತಾಳೆ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಬರುತ್ತಾಳೆ. ಮೊಣಕಾಲು ಮೊದಲಿಗಿಂತ ಪರವಾಗಿಲ್ಲವಂತೆ. ನನಗೂ ಅನುಕೂಲವಾಗಿದೆ. ಬೀಗ ಜಗ್ಗಲು ಮೆಟ್ಟಿಲು ಹತ್ತಬೇಕಾಗಿಲ್ಲವಾದ್ದರಿಂದ ಮೂರು ನಾಲ್ಕು ಸಲ ಜಗ್ಗುತ್ತೇನೆ. ಕಿಟಕಿಯ ಸರಳುಗಳನ್ನೂ ದಿನಾ ಅಲ್ಲಾಡಿಸಿ ನೋಡುತ್ತೇನೆ. ಕಳ್ಳರು ಇನ್ನೂ ಬಂದಿಲ್ಲ. ಯಾಕೆ ಬಂದಿಲ್ಲ ಎಂಬುದೇ ಈಗಿನ ಚಿಂತೆ.

ಆ ಶಾಲೆಗೆ ರಜೆಯ ದಿನಗಳಲ್ಲಿ ಬಬನ್‌ರಾವ್ ಇನ್ನೂ ಹೋಗುತ್ತಾರೆ. ಮನೆಯ ಕಂಪ್ಯೂಟರಿನಿಂದಲೇ, ಪಕ್ಕದಲ್ಲಿ ಗುರುಗಳನ್ನು ಕೂಡಿಸಿಕೊಂಡು. ಕೂದಲನ್ನು ಮತ್ತೆ ಹಾಕಿಕೊಳ್ಳುವುದನ್ನು ಗುರುಗಳು ಕಲಿಸಿಕೊಟ್ಟಿದ್ದಾರೆ. ಬಲಗಾಲಿನ ಬೂಟು ಬಿಟ್ಟಲ್ಲೇ ಇತ್ತು, ಸಿಕ್ಕಿತು. ಎಡಗಾಲಿನದು ಹೂಕುಂಡದ ಹಿಂದೆ ಇಲ್ಲ. ಒಂಟಿ ಬೂಟನ್ನು ಯಾರೂ ಒಯ್ಯುವುದಿಲ್ಲ ಎಂಬುದು ನನ್ನ ಇಡೀ ಬದುಕಿನ ಸಿದ್ಧಾಂತ. ಹಾಗಿದ್ದರೂ ಹೋಗಿದೆ. ಬಬನ್‌ರಾವ್ ಮರಳಿ ಬರಲೇಬೇಕು, ಬಂದು ಹುಡುಕುತ್ತ ಅಲ್ಲೇ ಓಡಾಡುತ್ತಿರಬೇಕು ಎಂದು ಬಯಸಿದ ಯಾರೋ ಅದನ್ನು ಎತ್ತಿಟ್ಟಿದ್ದಾರೆ. ಯಾರ ಮೇಲಾದರೂ ಅನುಮಾನ ಇದೆಯೇನು ಎಂದು ಗುರುಗಳು ನಗು ತಡೆದುಕೊಂಡು ಕೇಳಿದರು. ಇಲ್ಲ ಎಂದೆ. ಜನ್ಮದಲ್ಲಿ ಮೊದಲ ಸಲ ಹಾಗೆ ಹೇಳಿದ್ದು, ಅದೂ ಸುಳ್ಳು.